ಕೆರೆ ಬಗ್ಗೆ ಕಾರ್ಡು ಮಾಡಬೇಕು: ಇಯಾನ್ ಹ್ಯಾಮಿಲ್ಟನ್ ಫಿನ್ಲೆ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ

ಅಚ್ಚಿನಮನೆ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಕಲೆ ಓದಿದವಳು. ಈಗ ಮೂರು ವರ್ಷದಿಂದ ಲಗ್ನಪತ್ರಿಕೆ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಗಣಪತಿ, ಬಾಳೆಕಂಬ, ತೋರಣ, ಹುಡುಗ ಹುಡುಗಿ ಹೆಸರು, ಊಟದ ಸಮಯ. ಕೆಲಸ ನನಗೆ ಇಷ್ಟ. ಕಾಗದ, ಮಡಿಕೆ, ಬಂಗಾರದ ಶಾಯಿ ಎಲ್ಲದರ ರುಚಿ ಹತ್ತಿದೆ.

ನಮ್ಮಜ್ಜಿ ಊರು ಚಿತ್ರದುರ್ಗದ ಕಡೆ. ಊರ ಹೆಸರು ಇಲ್ಲಿ ಬೇಡ. ಅಲ್ಲಿ ಒಂದು ಕೆರೆ ಇದೆ, ಇತ್ತು ಅನ್ನಬೇಕೋ ಏನೋ. ಅರ್ಧ ಅಂಗಳಕ್ಕೆ ಮಣ್ಣು ಸುರಿದಿದ್ದಾರೆ, ಉಳಿದ ಅರ್ಧ ಬಳ್ಳಾರಿ ಜಾಲಿ. ನಾನು ಚಿಕ್ಕವಳಿದ್ದಾಗ ಅಜ್ಜಿ ಏರಿ ಮೇಲೆ ಕೂರಿಸಿ ಜೋಳದ ರೊಟ್ಟಿ ತಿನ್ನಿಸುತ್ತಿದ್ದ ಜಾಗ ಅದು. ಈಗ ಅದರ ಸುತ್ತಲಿನ ಹೊಲಗಳಲ್ಲಿ ಒಂದರ ಪಕ್ಕ ಒಂದು ಬೋರು ಕೊರೆಸುತ್ತಿದ್ದಾರೆ, ಸಾವಿರ ಅಡಿ ಹೋದರೂ ಧೂಳೇ ಬಂದವರು ಇದ್ದಾರೆ.

ಇದರ ಬಗ್ಗೆ ಒಂದಷ್ಟು ಕಾರ್ಡು ಮಾಡಿ ಊರಲ್ಲಿ ಹಂಚಬೇಕು ಅಂತ ಆಸೆ. ಮೊದಲ ಸಲ ಮಾಡಿದ್ದು ಹೀಗೆ: ಮೇಲೆ ಕೆರೆಯ ಫೋಟೋ, ಮಧ್ಯೆ ನಾನೇ ಬರೆದ ಎಂಟು ಸಾಲಿನ ಕವಿತೆ, ಕೆಳಗೆ ಕೆಂಪಕ್ಷರದಲ್ಲಿ 'ಕೆರೆ ಉಳಿಸಿ'. ಅಂಗಡಿಯಲ್ಲಿ ಎಲ್ಲರೂ ಚೆನ್ನಾಗಿದೆ ಅಂದರು. ಮಾರನೇ ದಿನ ನೋಡಿದರೆ ನನಗೇ ಅದು ಎಲೆಕ್ಷನ್ ಕರಪತ್ರದ ಥರ ಕಂಡಿತು. ಫೋಟೋ ತನ್ನ ಪಾಡಿಗೆ, ಕವಿತೆ ತನ್ನ ಪಾಡಿಗೆ, ಘೋಷಣೆ ತನ್ನ ಪಾಡಿಗೆ. ಒಂದಕ್ಕೊಂದು ಮಾತೇ ಆಡುತ್ತಿರಲಿಲ್ಲ.

ಆಮೇಲೆ ಒಂದು ಹಳೇ ಕಲಾ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ಇಯಾನ್ ಹ್ಯಾಮಿಲ್ಟನ್ ಫಿನ್ಲೆ ಅವರ ಎರಡು ಕೆಲಸ ನೋಡಿದೆ. ಒಂದು 1966ರ ಮುದ್ರಣ. 'ಸ್ಟಾರ್' ಅನ್ನುವ ಪದ ಮೇಲಿಂದ ಕೆಳಕ್ಕೆ ಹಾವಿನ ಹಾಗೆ ಓಲಾಡುತ್ತಾ ಬರುತ್ತದೆ, ಸ್ಟಾರ್ ಸ್ಟಾರ್ ಸ್ಟಾರ್, ಕೊನೆಗೆ ಒಂದೇ ಒಂದು ಸಲ 'ಸ್ಟೀರ್'. ಅಂದರೆ ನಕ್ಷತ್ರ ನೋಡಿಕೊಂಡು ದೋಣಿಯ ಚುಕ್ಕಾಣಿ ತಿರುಗಿಸು. ಅಷ್ಟೇ. ಕವಿತೆ ಮುಗಿಯಿತು. ಇನ್ನೊಂದರಲ್ಲಿ ಒಂದು ಮಷಿನ್ ಗನ್ ಚಿತ್ರ, ಅದರ ಜೊತೆ ಕೊಳಲನ್ನು ಕುರಿತ ಹಳೇ ಲ್ಯಾಟಿನ್ ಕಾವ್ಯದ ಸಾಲು. ಎರಡೂ ತಲೆಯಿಂದ ಹೋಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟು. ಇವನ್ನು ಹೇಗೆ ನೋಡಬೇಕು? ಕವಿತೆಯೋ, ಚಿತ್ರವೋ, ಜಗಳವೋ? ಕೂಗಾಡದೇ ವಾದ ಮಾಡುವುದು ಅವರಿಗೆ ಹೇಗೆ ಸಾಧ್ಯವಾಯಿತು? ಮತ್ತೆ ಮುಖ್ಯವಾಗಿ, ಇದನ್ನು ಕನ್ನಡದಲ್ಲಿ ಮಾಡಲು ಆಗುತ್ತದಾ?

ಕೋಟೆ ಕೆಳಗಿನ ಮೇಷ್ಟ್ರು, ಚಿತ್ರದುರ್ಗ

ತಂಗಿ, ನಿನ್ನ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಫಿನ್ಲೆ ಬಗ್ಗೆ ನಮ್ಮ ಕಡೆ ಕೇಳುವವರೇ ಇಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಅವರು ಹುಟ್ಟಿದ್ದು 1925ರಲ್ಲಿ, ಬಹಾಮಾಸ್ ದ್ವೀಪಗಳ ನಸ್ಸೌನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. ಸ್ವಲ್ಪ ದಿನ ಗ್ಲಾಸ್ಗೋದ ಕಲಾಶಾಲೆಗೆ ಹೋದರು, ಸೈನ್ಯದಲ್ಲಿದ್ದರು, ಕುರಿ ಕಾದರು. ಮೊದಲು ಬರೆದದ್ದು ಸಣ್ಣಕತೆ, ನಾಟಕ, ಪ್ರಾಸದ ಕವಿತೆ. 1961ರಲ್ಲಿ ಜೆಸ್ಸಿ ಮೆಕ್‌ಗಫಿ ಜೊತೆ ಸೇರಿ 'ವೈಲ್ಡ್ ಹಾಥಾರ್ನ್ ಪ್ರೆಸ್' ಅನ್ನುವ ಸಣ್ಣ ಪ್ರಕಾಶನ ಶುರು ಮಾಡಿದರು. ಹಾಥಾರ್ನ್ ಅಂದರೆ ಅಲ್ಲಿನ ಬೇಲಿಯ ಮುಳ್ಳುಗಿಡ, ಬಿಳಿ ಹೂ ಬಿಡುತ್ತದೆ. ಅವರ ಎಲ್ಲ ಕೆಲಸದ ಗುಣವೂ ಆ ಹೆಸರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. 1962ರಿಂದ 1967ರವರೆಗೆ ಒಂದು ಪುಟ್ಟ ಪತ್ರಿಕೆ ತಂದರು, ಇಪ್ಪತ್ತೈದು ಸಂಚಿಕೆ ಬಂತು. ಬ್ರೆಜಿಲ್, ಜರ್ಮನಿ, ಫ್ರಾನ್ಸಿನಲ್ಲಿ ಆಗ ಹೊಸದಾಗಿ ಎದ್ದಿದ್ದ 'ಕಾಂಕ್ರೀಟ್ ಕವಿತೆ'ಯ ಕವಿಗಳು ಅದರಲ್ಲಿ ಬಂದರು. ಆಮೇಲೆ ಕಾರ್ಡು, ಮಡಿಸುವ ಹಾಳೆ, ಪುಟ್ಟ ಪುಸ್ತಕ, ಗೋಡೆಗೆ ಹಾಕುವ ಮುದ್ರಣ ಅಂತ 2006ರಲ್ಲಿ ತೀರಿಕೊಳ್ಳುವವರೆಗೂ ಪ್ರಕಟಿಸುತ್ತಲೇ ಇದ್ದರು.

ಕಾಂಕ್ರೀಟ್ ಕವಿತೆ ಅಂದರೆ ಪದಕ್ಕೆ ಅರ್ಥ ಎಷ್ಟು ಮುಖ್ಯವೋ ಅದರ ಮೈ ಕೂಡ ಅಷ್ಟೇ ಮುಖ್ಯ. ಅದು ಕಾಗದದ ಮೇಲೆ ಎಲ್ಲಿ ನಿಂತಿದೆ, ಯಾವ ಬಣ್ಣ, ಎಷ್ಟು ಖಾಲಿ ಜಾಗ, ಎಲ್ಲಿ ಮಡಿಕೆ, ಎಲ್ಲವೂ ಕವಿತೆಯ ಭಾಗ. ಅವರದು 'ನಿಲ್ಲುವ ಕವಿತೆ' ಅಂತ ಇದೆ, 1963ರಿಂದ ಮಾಡಿದ್ದು. ಕಾರ್ಡನ್ನು ಮಡಿಸಿ ಮೇಜಿನ ಮೇಲೆ ನಿಲ್ಲಿಸಬೇಕು, ಆಗಲೇ ಓದಲು ಬರುವುದು. ಲಗ್ನಪತ್ರಿಕೆ ಮಾಡುವವಳಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಡು ತೆರೆಯುವ ಕೈಗೆ ಮೊದಲು ಏನು ಸಿಗಬೇಕು, ಆಮೇಲೆ ಏನು ಸಿಗಬೇಕು ಅಂತ ನೀನು ದಿನಾ ಲೆಕ್ಕ ಹಾಕುತ್ತೀಯಲ್ಲ, ಅದೇ ಲೆಕ್ಕ.

ಇನ್ನೊಂದು ಮುದ್ರಣದ ಹೆಸರು 'ಕಡಲ ಗಸಗಸೆ ಹೂವು' ಅನ್ನಬಹುದು. ಮೀನು ಹಿಡಿಯುವ ದೋಣಿಗಳ ನೋಂದಣಿ ಅಕ್ಷರ, ನಂಬರುಗಳನ್ನು ಸುತ್ತು ಸುತ್ತಾಗಿ ಜೋಡಿಸಿದ್ದಾರೆ. ದೂರದಿಂದ ಹೂವು, ಹತ್ತಿರ ಹೋದರೆ ಬಂದರು. ದೋಣಿ ಅಂದರೆ ಅವರಿಗೆ ಪ್ರಾಣ. ಮೀನುಗಾರರ ವಾರಪತ್ರಿಕೆಯ ಫೋಟೋಗಳನ್ನೇ ತೆಗೆದುಕೊಂಡು, ಅವುಗಳ ಕೆಳಗೆ ಕವಿತೆ ಕುರಿತ ಪಂಡಿತರ ಮಾತುಗಳನ್ನು ಹಾಕಿ 1967ರಲ್ಲಿ ಒಂದು ಪುಸ್ತಕವನ್ನೇ ಮಾಡಿದರು. ಮೀನಿನ ದೋಣಿ ಮತ್ತು ಕಾವ್ಯದ ಸಿದ್ಧಾಂತ. ಒಂದು ಇನ್ನೊಂದನ್ನು ವಿವರಿಸುವುದಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರುತ್ತವೆ, ನಾವು ನಡುವೆ ಓಡಾಡುತ್ತೇವೆ. ನಿನ್ನ ಮೊದಲ ಕಾರ್ಡಿನಲ್ಲಿ ಫೋಟೋ ಹೇಳಿದ್ದನ್ನೇ ಕವಿತೆ ಹೇಳಿತು, ಕವಿತೆ ಹೇಳಿದ್ದನ್ನೇ ಘೋಷಣೆ ಹೇಳಿತು. ಓದುವವನಿಗೆ ಓಡಾಡಲು ಜಾಗವೇ ಉಳಿಯಲಿಲ್ಲ.

ಕನ್ನಡದಲ್ಲಿ ಆಗುತ್ತದಾ ಅಂದೆ. ಅಕ್ಷರವನ್ನು ಚಿತ್ರವಾಗಿ ಕೂರಿಸುವುದು ನಮಗೆ ಹೊಸದಲ್ಲ. ಪದ್ಮಬಂಧ, ಮುರಜಬಂಧ, ಚಕ್ರಬಂಧ ಅಂತ ಹಳಬರು ಮಾಡಿದ್ದಾರೆ. ಆದರೆ ಅದು ಜಾಸ್ತಿ ಕವಿಯ ಜಾಣತನ ತೋರಿಸುವ ಆಟವಾಗಿತ್ತು, ನಿನಗೆ ಬೇಕಾದದ್ದು ಅದಲ್ಲ. ನಿನಗೆ ನಾನು ತೋರಿಸುವುದು ಬೇರೆ. ನಮ್ಮೂರ ಚಂದ್ರವಳ್ಳಿಗೆ ಹೋಗು. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಪ್ರಾಕೃತದಲ್ಲಿದೆ, ಮೂರೇ ಸಾಲು. ಮಯೂರಶರ್ಮ ಮಾಡಿಸಿದ ಕೆರೆ ಇದು ಅಂತ ಶುರು, ಆಮೇಲೆ ತ್ರೈಕೂಟಕ, ಆಭೀರ, ಪಲ್ಲವ ಅಂತ ಅವನು ಸೋಲಿಸಿದವರ ಹೆಸರು ಸಾಲಾಗಿ ಬರುತ್ತವೆ. ಕೆರೆ ಮತ್ತು ಯುದ್ಧ ಒಂದೇ ಉಸಿರಿನಲ್ಲಿ, ಅದೂ ಆ ಜಾಗದ ಬಂಡೆಯಲ್ಲೇ. ಫಿನ್ಲೆ ಅವರಿಗೆ ಇದನ್ನು ತೋರಿಸಿದ್ದರೆ ಬಂಡೆ ಮುಂದೆ ಕೂತೇ ಬಿಡುತ್ತಿದ್ದರು.

ದಾರಿಹೋಕ

ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಒಂದೇ ಪದವನ್ನು ಹತ್ತು ಸಲ ಬರೆದು ಕೊನೆಗೆ ಒಂದಕ್ಷರ ಬದಲಿಸಿದರೆ ಅದು ಹೇಗೆ ಕವಿತೆ ಆಗುತ್ತದೆ? ನಾನು ಕವಿತೆಯನ್ನು ಬಾಯಿಪಾಠ ಮಾಡಿ, ಹಾಡಿ ಬೆಳೆದವನು. ಬಾಯಲ್ಲಿ ಹೇಳಲು ಬರದ್ದನ್ನು ಕವಿತೆ ಅನ್ನಲು ಮನಸ್ಸು ಒಪ್ಪುವುದಿಲ್ಲ.

ಕೋಟೆ ಕೆಳಗಿನ ಮೇಷ್ಟ್ರು

ನ್ಯಾಯವಾದ ಮಾತು. ಹಾಡಲು ಬರುವುದಿಲ್ಲ, ಒಪ್ಪಿದೆ. ಆದರೆ ಕತ್ತಲ ಕಡಲಿನಲ್ಲಿ ಒಬ್ಬನೇ ದೋಣಿ ನಡೆಸುವವನನ್ನು ನೆನೆಸಿಕೊಳ್ಳಿ. ನಕ್ಷತ್ರ ನೋಡುತ್ತಾನೆ, ಮತ್ತೆ ನೋಡುತ್ತಾನೆ, ಅಲೆ ಎತ್ತಿ ಹಾಕುತ್ತದೆ, ಮತ್ತೆ ನೋಡುತ್ತಾನೆ, ಆಮೇಲೆ ಕೈ ತಿರುಗಿಸುತ್ತಾನೆ. ಆ ಪದಗಳ ಸಾಲು ಓಲಾಡುವುದು ಅದಕ್ಕೇ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಆ ಚೂರು ವ್ಯತ್ಯಾಸವೇ ಕವಿತೆ. ಹಾಡಿದ್ದರೆ ಅದು ಕಿವಿಗೆ ಬೀಳುತ್ತಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. 1963ರ ಒಂದು ಪತ್ರದಲ್ಲಿ ಅವರು ಕಾಂಕ್ರೀಟ್ ಕವಿತೆ ಬಗ್ಗೆ ಹೇಳಿದ್ದರ ಭಾವ ಹೀಗಿದೆ: ಸುತ್ತ ಎಲ್ಲ ಅನುಮಾನವೇ ತುಂಬಿದ್ದರೂ ನಡುವೆ ಇಟ್ಟ ಒಂದು ಅಚ್ಚುಕಟ್ಟಾದ ಮಾದರಿ ಅದು. ನನಗಂತೂ ಆ ಮಾತು ಓದಿದಾಗಲೆಲ್ಲ ಈ ದೋಣಿಯವನೇ ನೆನಪಾಗುತ್ತಾನೆ.

ಜೋಗಿಮಟ್ಟಿ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಫಿನ್ಲೆ ಸ್ಕಾಟ್ಲೆಂಡಿನಲ್ಲಿ ಮಾಡಿದ ತೋಟಕ್ಕೆ ನಾನು ಹೋಗಿ ಬಂದವನು. ಮಗಳು ಎಡಿನ್‌ಬರೋದಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಕರೆದುಕೊಂಡು ಹೋದಳು. ಅದರ ಜಗಳದ ಭಾಗ ನಾನು ಹೇಳುತ್ತೇನೆ, ಪ್ರಶ್ನೆ ಕೇಳಿದ ಹುಡುಗಿಗೆ ಅದೇ ಬೇಕು ಅನ್ನಿಸುತ್ತದೆ.

1966ರಲ್ಲಿ ಫಿನ್ಲೆ ಮತ್ತು ಹೆಂಡತಿ ಸೂ, ಪೆಂಟ್‌ಲೆಂಡ್ ಗುಡ್ಡಗಳಲ್ಲಿರುವ ಸ್ಟೋನಿಪಾತ್ ಅನ್ನುವ ಪಾಳುಬಿದ್ದ ಹೊಲಮನೆಗೆ ಬಂದರು. ಸುತ್ತ ಬೋಳು ಗುಡ್ಡ, ಗಾಳಿ, ಕುರಿ. ನಮ್ಮ ಜೋಗಿಮಟ್ಟಿ ಗುಡ್ಡ ನೋಡಿದ ಕಣ್ಣಿಗೆ ಅದೇನೂ ಅಪರಿಚಿತ ಅನ್ನಿಸಲಿಲ್ಲ, ಚಳಿ ಒಂದು ಬಿಟ್ಟು. ರಸ್ತೆ ಬದಿ ಗಾಡಿ ನಿಲ್ಲಿಸಿ ಮಣ್ಣು ದಾರಿಯಲ್ಲಿ ನಡೆದು ಹೋಗಬೇಕು. ಒಳಗೆ ಹೋದರೆ ಮರ, ಕೊಳ, ಹೂವು, ಅಲ್ಲಲ್ಲಿ ಅಕ್ಷರ ಕೆತ್ತಿದ ಕಲ್ಲು. ಒಟ್ಟು 270ಕ್ಕೂ ಹೆಚ್ಚು ಕೃತಿಗಳಿವೆಯಂತೆ. ಹಕ್ಕಿಗೆ ಕಾಳು ಹಾಕುವ ಕಲ್ಲು ಯುದ್ಧವಿಮಾನ ಹೊರುವ ಹಡಗಿನ ಆಕಾರದಲ್ಲಿದೆ. ಗುಬ್ಬಿ ಬಂದು ಕೂತರೆ ವಿಮಾನ ಇಳಿದ ಹಾಗೆ. ಮೇಲೆ ಒಂದು ಕೊಳದ ದಡದಲ್ಲಿ ಕಪ್ಪು ಕಲ್ಲೊಂದು ನಿಂತಿದೆ, ಅಣು ಜಲಾಂತರ್ಗಾಮಿಯ ಮೇಲ್ಭಾಗದ ಆಕಾರ. ಹೆಸರು ಮಾತ್ರ 'ಅಣುಶಕ್ತಿಯ ಹಾಯಿ'. ನೀರು ಶಾಂತವಾಗಿತ್ತು. ನಾನು ಬಹಳ ಹೊತ್ತು ಅಲ್ಲೇ ನಿಂತೆ. ಯಾರೂ ಏನೂ ಕೂಗಲಿಲ್ಲ, ಆದರೂ ಮೈ ಜುಮ್ಮೆಂದಿತು.

ಎಡಿನ್‌ಬರೋಗೆ 'ಉತ್ತರದ ಅಥೆನ್ಸ್' ಅನ್ನುವ ಬಿರುದಿದೆ. ಹಳೇ ಗ್ರೀಸಿನಲ್ಲಿ ಅಥೆನ್ಸಿನ ಎದುರಾಳಿ ನಗರ ಸ್ಪಾರ್ಟಾ, ಅದಕ್ಕೇ ಇವರು ತಮ್ಮ ತೋಟಕ್ಕೆ 'ಲಿಟಲ್ ಸ್ಪಾರ್ಟಾ' ಅಂತ ಹೆಸರಿಟ್ಟರು. ದನದ ಕೊಟ್ಟಿಗೆಯಾಗಿದ್ದ ಒಂದು ಕಟ್ಟಡವನ್ನು ತೋಟದ ಗುಡಿ ಅಂದರು. ಸ್ಟ್ರಾತ್‌ಕ್ಲೈಡ್ ಪ್ರಾದೇಶಿಕ ಕೌನ್ಸಿಲ್, ಅದು ಗ್ಯಾಲರಿ, ತೆರಿಗೆ ಕಟ್ಟಿ ಅಂದಿತು. ಇವರು ಗುಡಿ, ಕಟ್ಟುವುದಿಲ್ಲ ಅಂದರು. ವರ್ಷಗಟ್ಟಲೆ ಎಳೆದಾಟ. ಕೊನೆಗೆ 1983ರ ಫೆಬ್ರವರಿ 4ಕ್ಕೆ ಜಪ್ತಿ ಮಾಡಲು ಅಧಿಕಾರಿ ಬಂದ. ಇವರ ಬೆಂಬಲಿಗರು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು. ಮುಂದಿನ ತಿಂಗಳು ಮತ್ತೆ ಬಂದು ಕೆಲವು ಕೃತಿಗಳನ್ನು ಹೊತ್ತೊಯ್ದರು, ಆ ಮಾತು ಬೇರೆ. ಫಿನ್ಲೆ ಮೊದಲ ದಿನವನ್ನು 'ಲಿಟಲ್ ಸ್ಪಾರ್ಟಾದ ಮೊದಲ ಯುದ್ಧ' ಅಂತ ಕರೆದು ಪದಕ ಮಾಡಿಸಿದರು, ಸ್ಮಾರಕ ನಿಲ್ಲಿಸಿದರು. ತಂಗಿ, ನೀನು ನೋಡಿದ ಮಷಿನ್ ಗನ್ ಇದೇ ಸ್ಮಾರಕದ್ದು. ಅದರ ಮೇಲಿನ ಸಾಲು ಕವಿ ವರ್ಜಿಲನದು. ಕುರಿಗಾಹಿ ತನ್ನ ಕೊಳಲಿಗೆ, ನನ್ನ ಜೊತೆ ಹಾಡು ಶುರು ಮಾಡು ಅನ್ನುತ್ತಾನೆ. ಬಂದೂಕಿನ ನಳಿಕೆಯ ತೂತುಗಳನ್ನು ಒಮ್ಮೆ ನೋಡು, ಕೊಳಲಿನ ಹಾಗೇ ಕಾಣುತ್ತವೆ. ತೋಟ ಉಳಿಯಬೇಕಾದರೆ ಅದನ್ನು ಕಾಯಬೇಕು ಅನ್ನುವುದನ್ನು ಅವರು ಎಲ್ಲೂ ವಾಕ್ಯವಾಗಿ ಬರೆದಿಲ್ಲ. ಆದರೆ ಆ ಕಂಚಿನ ಫಲಕದ ಮುಂದೆ ನಿಂತವರಿಗೆ ಬೇರೆ ಏನೂ ಕೇಳಿಸುವುದಿಲ್ಲ.

ಕೆಲವು ತೋಟಗಳನ್ನು ವಿಶ್ರಾಂತಿಯ ತಾಣ ಅನ್ನುತ್ತಾರೆ, ನಿಜಕ್ಕೂ ಅವು ದಾಳಿಗಳು ಅನ್ನುವ ಅರ್ಥದ ಮಾತು ಅವರದೇ. ಅಜ್ಜಿಯ ಕೆರೆ ಏರಿ ಬಗ್ಗೆಯೂ ಹೀಗೇ ಯೋಚನೆ ಮಾಡಿ ನೋಡು.

ಕಪ್ಪು ಶಾಯಿ, ದಾವಣಗೆರೆ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಇನ್ನೊಂದು ಕಡೆಯನ್ನೂ ಇಡಲೇಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಬಂಡಾಯದ ಸಭೆಗಳಿಗೆ ಪೋಸ್ಟರ್ ಬರೆದವನು. ರಾತ್ರಿಯಿಡೀ ಕೂತು ಬ್ರಶ್ಶಿನಲ್ಲಿ ಬರೆದು ಬೆಳಿಗ್ಗೆ ಜಯದೇವ ಸರ್ಕಲ್‌ನಲ್ಲಿ ಕಟ್ಟುತ್ತಿದ್ದೆವು. ನಮ್ಮ ಪೋಸ್ಟರಿನಲ್ಲಿ ಯಾರ ಪರ, ಯಾರ ವಿರುದ್ಧ ಅನ್ನುವುದರಲ್ಲಿ ಅನುಮಾನ ಇರುತ್ತಿರಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ಫಿನ್ಲೆ ಕೆಲಸದಲ್ಲಿ ಅನುಮಾನ ಜಾಸ್ತಿ. ಫ್ರೆಂಚ್ ಕ್ರಾಂತಿ ಅಂದರೆ ಅವರಿಗೆ ಹುಚ್ಚು ಪ್ರೀತಿ. ಅದರಲ್ಲೂ ಸಾಂ ಜುಸ್ತ್ ಅನ್ನುವ ಉಗ್ರ ಯುವಕನ ಮಾತುಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. 1987ರಲ್ಲಿ ಜರ್ಮನಿಯ ಕಾಸೆಲ್‌ನ ದೊಡ್ಡ ಪ್ರದರ್ಶನದಲ್ಲಿ ತಲೆ ಕಡಿಯುವ ಗಿಲೋಟಿನ್ ಯಂತ್ರಗಳನ್ನೇ ಸಾಲಾಗಿ ನಿಲ್ಲಿಸಿದರು, ಅವುಗಳ ನಡುವಿಂದ ದೂರದ ಗುಡಿ ಕಾಣುವ ಹಾಗೆ. ಇನ್ನೊಂದು ಕೃತಿಯಲ್ಲಿ ಎಲುಬು ಅನ್ನುವ ಅರ್ಥದ ಇಟಾಲಿಯನ್ ಪದ ಕೆತ್ತಿಸಿ, ಅದರ ನಡುವಿನ ಎರಡು ಅಕ್ಷರಗಳನ್ನು ನಾಜಿಗಳ ಎಸ್‌ಎಸ್ ಪಡೆಯ ಮಿಂಚಿನ ಗುರುತಿನಂತೆ ಬರೆದರು. ಫ್ರಾನ್ಸಿನಲ್ಲಿ ಅದು ದೊಡ್ಡ ಗಲಾಟೆಯಾಯಿತು. ಕ್ರಾಂತಿಯ ಇನ್ನೂರನೇ ವರ್ಷಕ್ಕೆ ವರ್ಸೇಲ್ಸ್‌ನಲ್ಲಿ ತೋಟ ಮಾಡಲು ಅವರಿಗೆ ಕೊಟ್ಟಿದ್ದ ಕೆಲಸವನ್ನೇ ವಾಪಸ್ ತೆಗೆದುಕೊಂಡರು.

ಅವರು ನಾಜಿ ಅಲ್ಲ. ನಾನು ಹಾಗೆ ಹೇಳುತ್ತಿಲ್ಲ. ನಾಗರಿಕತೆಯ ಎಲುಬಿನೊಳಗೇ ಆ ಕ್ರೌರ್ಯ ಕೂತಿದೆ ಅಂತ ಅವರು ತೋರಿಸಿದರು ಅಂತಲೇ ನಾನೂ ಓದುತ್ತೇನೆ. ಆದರೆ ಆ ಗುರುತಿನಿಂದ ಮನೆಯವರನ್ನು ಕಳೆದುಕೊಂಡವನು ಅದನ್ನು ನೋಡಿದರೆ ಏನಾಗಬೇಕು? ವಿವರಿಸಲು ಕವಿ ಪಕ್ಕದಲ್ಲಿ ಇರುವುದಿಲ್ಲ. ಕಾರ್ಡು ಒಂದೇ ಹೋಗುತ್ತದೆ. ಚಿತ್ರ ಮತ್ತು ಪದದ ನಡುವೆ ಓದುವವನಿಗೆ ಜಾಗ ಬಿಡಬೇಕು ಅಂದರು ಮೇಷ್ಟ್ರು. ಆ ಜಾಗಕ್ಕೆ ಯಾರು ಬೇಕಾದರೂ ಬಂದು ಕೂರಬಹುದು, ಅದನ್ನೂ ನೆನಪಿಟ್ಟುಕೊಳ್ಳಬೇಕು.

ನೀವು ಕಾರ್ಡು ಹಂಚುವುದು ಕಲಾವಿದರಿಗಲ್ಲ, ಅಜ್ಜಿ ಊರಿನವರಿಗೆ. ಬೋರು ಕೊರೆಸಿ ಸಾಲ ಮಾಡಿಕೊಂಡವನೂ ಅದನ್ನು ಕೈಯಲ್ಲಿ ಹಿಡಿಯುತ್ತಾನೆ. ಅವನಿಗೆ ಅದು ತನ್ನನ್ನೇ ಬೈದ ಹಾಗೆ ಕಾಣಬಾರದು. ಫ್ಲೆಕ್ಸ್ ಆಗಲಿ ಘೋಷಣೆ ಆಗಲಿ ಕೆಟ್ಟದ್ದಲ್ಲ ಮೇಡಂ. ಅರ್ಜಿ ಕೊಡುವ ದಿನ ಘೋಷಣೆಯೇ ಬೇಕು.

ಅಚ್ಚಿನಮನೆ ಹುಡುಗಿ

ಮೂರು ದಿನ ಬೇರೆ ಏನೂ ಮಾಡಲಿಲ್ಲ, ನಿಮ್ಮೆಲ್ಲರ ಮಾತು ಓದುವುದು, ಗೀಚುವುದು. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಚಂದ್ರವಳ್ಳಿಗೂ ಹೋಗಿ ಬಂದೆ ಸರ್. ಅಕ್ಷರ ನನಗೆ ಓದಲು ಬರಲಿಲ್ಲ. ಆದರೆ ಬಂಡೆ, ಅದರಾಚೆ ನೀರು, ಎರಡನ್ನೂ ಒಟ್ಟಿಗೆ ನೋಡಿದಾಗ ನೀವು ಹೇಳಿದ್ದು ಅರ್ಥವಾಯಿತು.

ಕಪ್ಪು ಶಾಯಿ ಸರ್, ಸಾಲ ಮಾಡಿ ಬೋರು ಕೊರೆಸಿದವರಲ್ಲಿ ನಮ್ಮ ಸೋದರಮಾವನೂ ಒಬ್ಬರು. ನೀವು ಹೇಳಿದ್ದು ಸೀದಾ ಎದೆಗೆ ಬಂತು. ಮೊದಲ ಕಾರ್ಡಿನ ಕೆಂಪಕ್ಷರ ಅವರ ಕಡೆಗೇ ಬೆರಳು ತೋರಿಸುತ್ತಿತ್ತು, ನನಗೇ ಅದು ಹೊಳೆದಿರಲಿಲ್ಲ.

ಈಗ ಎರಡು ಯೋಚನೆ ಇವೆ. ಒಂದು, ಕಡಲ ಹೂವಿನ ದಾರಿಯಲ್ಲಿ. ನಮ್ಮಲ್ಲಿ ಬೋರು ಕೊರೆಯುವ ಲಾರಿಗಳು ಜಾಸ್ತಿ ತಮಿಳುನಾಡಿನ ತಿರುಚೆಂಗೋಡು ಕಡೆಯಿಂದ ಬರುತ್ತವೆ. ಟಿಎನ್, ಕೆಎ 16, ಕೆಎ 17 ಅಂತ ಆ ಅಕ್ಷರಗಳನ್ನು ಸುತ್ತಲೂ ಜೋಡಿಸಿ ನಡುವೆ ಖಾಲಿ ವೃತ್ತ ಬಿಡುವುದು. ದೂರಕ್ಕೆ ತಾವರೆ ಕಾಣಬೇಕು. ಪೂರ್ತಿ ನಂಬರ್ ಹಾಕುವುದಿಲ್ಲ, ಯಾರ ಗಾಡಿಯನ್ನೂ ತೋರಿಸಬೇಕಾಗಿಲ್ಲ. ಎರಡನೆಯದು ನಕ್ಷತ್ರದ ಕವಿತೆಯ ಹಾಗೆ ಒಂದೇ ಪದ. ಕೆರೆ, ಕೆರೆ, ಕೆರೆ ಅಂತ ಬಂದು ಕೊನೆಗೆ 'ಕರೆ'. ಕೆರೆ ನಮ್ಮನ್ನು ಕರೆಯುತ್ತಿದೆ ಅಂತ. ಆದರೆ ಯಾಕೋ ಇದು ಮೆತ್ತಗಾಯಿತು. ಸಿಹಿ ಜಾಸ್ತಿ, ಉಪ್ಪಿಲ್ಲ. ಏನಾದರೂ ಹೊಳೆದರೆ ಹೇಳಿ.

ಮೊಳೆ ಜೋಡಿಸಿದವನು, ದಾವಣಗೆರೆ

ತಂಗಿ, ನಾನು ಓದಿದವನಲ್ಲ. ಹದಿನಾಲ್ಕು ವರ್ಷದವನಿದ್ದಾಗ ಪ್ರೆಸ್ಸಿಗೆ ಸೇರಿದೆ, ಅಕ್ಷರದ ಅಚ್ಚುಮೊಳೆ ಜೋಡಿಸುವ ಕೆಲಸ. ಟ್ರೆಡಲ್ ಮಷಿನ್ ಹೋಯಿತು, ಆಫ್‌ಸೆಟ್ ಬಂತು, ಈಗ ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್. ಕವಿತೆ ಬಗ್ಗೆ ಮೇಷ್ಟ್ರು ಹೇಳಲಿ, ಅಕ್ಷರದ ಬಗ್ಗೆ ನಾನು ಹೇಳುತ್ತೇನೆ.

ಕೆರೆಯಿಂದ 'ಕರೆ'ಗೆ ಹೋಗಬೇಡ. ಅಲ್ಲಿ ನೀನು ಅಕ್ಷರದಿಂದ ತೆಗೆಯುತ್ತಿದ್ದೀಯ. ಸೇರಿಸಿ ನೋಡು. 'ಕೆ' ಬರಿ. ಅದರ ಬಲಕ್ಕೆ ಒಂದು ಬಾಲ ಎಳೆ. ಏನಾಯಿತು? 'ಕೊ'. ಬೇರೆ ಏನನ್ನೂ ಮುಟ್ಟಬೇಡ, ಪಕ್ಕದ 'ರೆ' ಹಾಗೇ ಇರಲಿ. ಕೆರೆ ಇದ್ದದ್ದು ಕೊರೆ ಆಯಿತು.

ಬರೀ ಕಪ್ಪು ಶಾಯಿಯಲ್ಲಿ ಕೆರೆ ಕೆರೆ ಕೆರೆ ಅಂತ ಇಳಿದು ಬರಲಿ. ಕೊನೆಯದರಲ್ಲಿ ಆ ಬಾಲ ಮಾತ್ರ ಬೇರೆ ಬಣ್ಣ, ಬೋರಿನಿಂದ ಬರುವ ಧೂಳಿನ ಬೂದಿ ಬಣ್ಣ. ಆ ಬಾಲ ಕೆಳಕ್ಕೆ ಇಳಿಯುತ್ತಾ ಹೋಗಲಿ, ಕಾರ್ಡಿನ ಅಂಚಿನವರೆಗೂ ಹೋಗಲಿ. ಕೆರೆಯೂ ಅಲ್ಲೇ ಇದೆ, ಕೊರೆಯೂ ಅಲ್ಲೇ ಇದೆ. ಬಾಲವನ್ನು ಬೆರಳಲ್ಲಿ ಮುಚ್ಚಿದರೆ ಕೆರೆ ವಾಪಸ್ ಬರುತ್ತದೆ. ಇದರಲ್ಲಿ ಯಾರನ್ನೂ ಬೈದಿಲ್ಲ, ಅಲ್ವಾ?

ಇನ್ನು ಕೆಲಸದ ಮಾತು. ಕಂಪ್ಯೂಟರ್ ಫಾಂಟಿನಲ್ಲಿ ಮಾಡಬೇಡ. ಅದರಲ್ಲಿ 'ಕೊ' ಒಂದೇ ತುಂಡಾಗಿ ಬರುತ್ತದೆ, ಒಡೆದರೆ ಅಂಚು ಕೆಡುತ್ತದೆ. ಕೈಯಲ್ಲಿ ದಪ್ಪಗೆ ಬರೆದು ಸ್ಕ್ಯಾನ್ ಮಾಡು. ಎರಡು ಬಣ್ಣಕ್ಕೆ ಎರಡು ಸ್ಕ್ರೀನ್ ಬೇಕು. ಬಾಲವು ಅಕ್ಷರಕ್ಕೆ ತಾಗುವ ಜಾಗದಲ್ಲಿ ಕೂದಲೆಳೆಯಷ್ಟು ಒಂದರ ಮೇಲೊಂದು ಬರುವ ಹಾಗೆ ಇಡು, ಇಲ್ಲದಿದ್ದರೆ ನಡುವೆ ಬಿಳಿ ಗೆರೆ ಕಾಣುತ್ತದೆ. ಹೊಳೆಯುವ ಆರ್ಟ್ ಕಾರ್ಡ್ ಬೇಡ, ಒರಟು ಹಾಳೆ ತಗೋ. ಮಡಿಸುವುದಾದರೆ ಮೊದಲು ಕ್ರೀಸ್ ಹೊಡೆಸು, ದಪ್ಪ ಹಾಳೆಯನ್ನು ಹಾಗೇ ಮಡಿಸಿದರೆ ಬಾಯಿ ಬಿಡುತ್ತದೆ. ಮಡಿಕೆ ಬಾಲದ ಪಕ್ಕದಲ್ಲೇ ಬಂದರೆ ಇನ್ನೂ ಒಳ್ಳೆಯದು. ಮಡಿಸಿದಾಗ ಕೆರೆ ಮಾತ್ರ ಕಾಣುತ್ತದೆ, ಬಿಚ್ಚಿದಾಗ ಬಾಲ ಹೊರಗೆ ಬರುತ್ತದೆ.

ಕೋಟೆ ಕೆಳಗಿನ ಮೇಷ್ಟ್ರು

ಅಣ್ಣಾ, ಮೂವತ್ತು ವರ್ಷ ಕಾಗುಣಿತ ತಿದ್ದಿದವನು ನಾನು. ನನಗೆ ಹೊಳೆಯಲಿಲ್ಲ. 'ಕೆ'ಯ ಒಳಗಿಂದ 'ಕೊ' ಹುಟ್ಟುವುದು ಕನ್ನಡ ಲಿಪಿಗೇ ಸಿಕ್ಕ ವರ. ಅವರ ಇಂಗ್ಲಿಷಿಗೆ ಸ್ಟಾರ್, ಸ್ಟೀರ್ ಸಿಕ್ಕಿತು, ನಮಗೆ ಇದು ಸಿಕ್ಕಿತು.

ತಂಗಿ, ಇನ್ನೊಂದು ವಿಷಯ. ಫಿನ್ಲೆ ತಾವೇ ಚಿತ್ರ ಬರೆದದ್ದು, ಕಲ್ಲು ಕೆತ್ತಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾನ್ ಕಾಸ್ಟ್ಲಿ, ಗ್ಯಾರಿ ಹಿಂಕ್ಸ್, ಮೈಕೆಲ್ ಹಾರ್ವೆ ಹೀಗೆ ಬಹಳ ಜನ ಕೆಲಸಗಾರರ ಜೊತೆ ಪತ್ರ ಬರೆದು, ಕೇಳಿ, ತಿದ್ದಿ ಮಾಡಿಸಿದರು. ಅವರ ಹೆಸರುಗಳನ್ನೂ ಜೊತೆಗೆ ಹಾಕುತ್ತಿದ್ದರು. ನಿನ್ನ ಕಾರ್ಡಿನ ಹಿಂದೆ ಈ ಅಣ್ಣನ ಹೆಸರೂ ಇರಲಿ.

ದಾರಿಹೋಕ

ನಾನು ಬಾಲವನ್ನು ಬೆರಳಲ್ಲಿ ಮುಚ್ಚಿ, ತೆಗೆದು, ಮುಚ್ಚಿ ನೋಡಿದೆ. ಹಾಳೆಯ ಮೇಲೆ ಬರೆದುಕೊಂಡು. ಕೆರೆ, ಕೊರೆ. ಇದನ್ನು ಬಾಯಲ್ಲಿ ಹೇಳಿದರೆ ಸುಮ್ನೆ ಎರಡು ಪದ. ಕಣ್ಣಲ್ಲಿ ನೋಡಿದರೆ ನಮ್ಮ ಊರಿನ ಇಪ್ಪತ್ತು ವರ್ಷ. ಮೇಷ್ಟ್ರೇ, ನೀವು ಹೇಳಿದ್ದು ಈಗ ಒಪ್ಪುತ್ತೇನೆ. ನನಗೂ ಎರಡು ಕಾರ್ಡು ಬೇಕು.

ಅಚ್ಚಿನಮನೆ ಹುಡುಗಿ

ಅಣ್ಣಾ, ಓದುತ್ತಿದ್ದ ಹಾಗೆ ಅಂಗಡಿಯಲ್ಲೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದು ನೋಡಿದೆ. ಬಾಲ ಎಳೆಯುವಾಗ ಕೈ ನಡುಗಿತು.

ಲಾರಿ ನಂಬರಿನ ಹೂವು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಇದೊಂದೇ ಕಾರ್ಡು, ಮುನ್ನೂರು ಪ್ರತಿ. ಮೇಲೆ ಕವಿತೆ ಇಲ್ಲ, ಫೋಟೋ ಇಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕೆರೆಯ ಹೆಸರು ಮತ್ತು ಗ್ರಾಮಸಭೆಯ ದಿನ, ಜೊತೆಗೆ ನಮ್ಮಿಬ್ಬರ ಹೆಸರು. ಕಪ್ಪು ಶಾಯಿ ಸರ್, ಆ ದಿನಕ್ಕೆ ಘೋಷಣೆ ಬೇಕು ಅಂದಿರಲ್ಲ, ಬ್ರಶ್ಶಿನಲ್ಲಿ ನೀವೇ ಒಂದು ಬರೆದುಕೊಡಬೇಕು. ಬಟ್ಟೆ ನಾನು ತರುತ್ತೇನೆ.

ಮೊದಲ ಕಾರ್ಡು ಸೋದರಮಾವನಿಗೆ ಕೊಟ್ಟು, ಏನು ಅನ್ನುತ್ತಾರೋ ಕೇಳಿ, ಆಮೇಲೇ ಉಳಿದದ್ದನ್ನು ಹಂಚುವುದು. ಅಣ್ಣಾ, ಬುಧವಾರ ಸಂಜೆ ಕೆಲಸ ಮುಗಿಸಿ ಬರಲಾ? ಒರಟು ಹಾಳೆಯ ಮೂರು ಸ್ಯಾಂಪಲ್ ಇವೆ, ತರುತ್ತೇನೆ. ಬೂದಿ ಬಣ್ಣ ನೀವೇ ಕಲಸಿಕೊಡಬೇಕು.

ಮೊಳೆ ಜೋಡಿಸಿದವನು

ಬಾ ತಂಗಿ. ಆರು ಗಂಟೆ ಮೇಲೆ ಬಾ, ಬೆಳಕಿರುವಾಗಲೇ ಬಣ್ಣ ನೋಡೋಣ. ಬೋರಿನ ಹತ್ತಿರದ ಧೂಳು ಒಂದು ಹಿಡಿ ಪೊಟ್ಟಣ ಕಟ್ಟಿಕೊಂಡು ಬಂದರೆ ಅದಕ್ಕೇ ಸರಿಹೊಂದುವ ಹಾಗೆ ಕಲಸುತ್ತೇನೆ.